ಕಷ್ಟದಲ್ಲಿ ದೇವರ ಉದ್ದೇಶ: ಅದನ್ನು ಹೇಳಬೇಕಾದವರು ಯಾರು?

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕ್ರೈಸ್ತ ಸಭೆಗಳಲ್ಲಿ ಒಂದು ಮಾತು ತುಂಬಾ ಸುಲಭವಾಗಿ ಬಾಯಿಗೆ ಬರುತ್ತದೆ. ಒಂದು ಮನೆಯಲ್ಲಿ ಸಾವಾಯಿತು, ಬೆಳೆ ಹೋಯಿತು, ಗಂಡ ಬಿಟ್ಟು ಹೋದ ಅಂದುಕೊಳ್ಳಿ. ಪ್ರೇಯರಿಗೆ ಬಂದವರಲ್ಲಿ ಒಬ್ಬರಾದರೂ "ಇದರಲ್ಲೂ ದೇವರ ಉದ್ದೇಶ ಇದೆ ಸಿಸ್ಟರ್" ಎನ್ನುತ್ತಾರೆ. ಸ್ವಲ್ಪ ದಿನ ಕಳೆದ ಮೇಲೆ ಎರಡನೇ ಮಾತು ಬರುತ್ತದೆ: "ಅವರನ್ನ ಕ್ಷಮಿಸಿಬಿಡಿ, ವಾಕ್ಯ ಹಾಗೇ ಹೇಳುತ್ತೆ ಅಲ್ವಾ?"

ಎರಡೂ ಮಾತಿಗೆ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಆಧಾರ ಇದೆ. ತಕರಾರು ಅದರ ಬಗ್ಗೆ ಅಲ್ಲ. ಸತ್ಯವೇದದಲ್ಲಿ ಈ ಮಾತುಗಳನ್ನು ಯಾರು ಹೇಳಿದರು, ಎಷ್ಟು ವರ್ಷ ಆದ ಮೇಲೆ ಹೇಳಿದರು, ಹೇಳುವ ಮುಂಚೆ ಏನೇನು ನಡೆದಿತ್ತು ಅನ್ನುವುದನ್ನು ನಾವು ಬಿಟ್ಟುಬಿಡುತ್ತೇವೆ. ಅದನ್ನು ಸೇರಿಸಿ ಓದಿದರೆ ಈ ಬೋಧನೆ ನಾವು ಅಂದುಕೊಂಡಷ್ಟು ಸಲೀಸಾಗಿಲ್ಲ. ಆದರೆ ನೊಂದವರ ಪರವಾಗಿ ತುಂಬಾ ಜಾಸ್ತಿ ಇದೆ.

ಮೂರು ಪ್ರಶ್ನೆ ಒಂದೇ ಗಂಟಿನಲ್ಲಿ

ಕಷ್ಟ ಬಂದಾಗ "ಯಾಕೆ?" ಅಂತ ಕೇಳುತ್ತೇವೆ. ಆ ಒಂದು "ಯಾಕೆ"ಯಲ್ಲಿ ಮೂರು ಪ್ರಶ್ನೆ ಸೇರಿಕೊಂಡಿರುತ್ತವೆ. ಇದು ಹೇಗೆ ಆಯಿತು? ದೇವರು ಇದನ್ನು ಯಾಕೆ ತಡೆಯಲಿಲ್ಲ? ಇನ್ನು ಮುಂದೆ ಇದರಲ್ಲಿ ದೇವರು ಏನು ಮಾಡುತ್ತಾರೆ? ಮೂರನ್ನೂ ಬೇರೆ ಮಾಡದೆ ಉತ್ತರ ಕೊಡಲು ಹೋದರೆ ಎಡವಟ್ಟಾಗುತ್ತದೆ.

ಮೊದಲನೆಯದಕ್ಕೆ ಎಷ್ಟೋ ಸಲ ಉತ್ತರ ನಮ್ಮ ಕಣ್ಣ ಮುಂದೆಯೇ ಇರುತ್ತದೆ. ಬಾಗೇಪಲ್ಲಿ, ಪಾವಗಡ ಕಡೆ ಹಲ್ಲು ಕಂದುಗಟ್ಟಿದ ಮಕ್ಕಳನ್ನು, ಮಂಡಿ ಬಾಗಿದ ಹಿರಿಯರನ್ನು ನೋಡಿರುತ್ತೀರಿ. ಅದು ಶಾಪ ಅಲ್ಲ, ನೀರಿನಲ್ಲಿರುವ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಕೆಡುತ್ತವೆ. ಮಳೆ ಕಡಿಮೆ, ಕೆರೆಗಳು ಒತ್ತುವರಿಯಾದವು, ಹೂಳು ತುಂಬಿದವು, ಬೋರ್‌ವೆಲ್ ಸಾವಿರ ಅಡಿ ದಾಟಿತು. ಇಲ್ಲಿ ಕಲ್ಲಿನ ಗುಣವೂ ಇದೆ, ಮನುಷ್ಯರ ಕೈಯೂ ಇದೆ. "ದೇವರ ಚಿತ್ತ" ಎಂದು ಪ್ರಾರ್ಥನೆ ಮುಗಿಸಿ ಎದ್ದರೆ ಶುದ್ಧ ನೀರಿನ ಘಟಕ ಕೇಳಬೇಕಾದ ಕೆಲಸ ಯಾರು ಮಾಡುತ್ತಾರೆ?

ಟೊಮೆಟೊ ನೋಡಿ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸ್ ₹2,000 ದಾಟಿತು. ಬೇರೆ ವರ್ಷಗಳಲ್ಲಿ ಬಿಡಿಸಿದ ಕೂಲಿಯೂ ಗಿಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುತ್ತಾರೆ. ಹಾಗಾದರೆ ಆ ಜುಲೈನಲ್ಲಿ ಟೊಮೆಟೊ ಇಟ್ಟವರ ಮೇಲೆಲ್ಲ ದೇವರಿಗೆ ಪ್ರೀತಿ ಬಂದಿತ್ತಾ? ಹಿಂದಿನ ವರ್ಷ ಸೋತವರ ಮೇಲೆ ಸಿಟ್ಟಿತ್ತಾ? ಹೀಗೆ ಕೇಳಿದರೆ ನಗು ಬರುತ್ತದೆ. ಆದರೆ ಸಾಕ್ಷಿ ಹೇಳುವಾಗ ನಾವು ಲೆಕ್ಕ ಹಾಕುವುದು ಹೀಗೇ.

ಯೇಸು ಸ್ವಾಮಿಯ ಮುಂದೆಯೂ ಈ ಲೆಕ್ಕ ಬಂದಿತ್ತು. ಲೂಕನ 13ನೇ ಅಧ್ಯಾಯದಲ್ಲಿ ಎರಡು ಸುದ್ದಿಗಳಿವೆ. ಪಿಲಾತನು ಕೆಲವು ಗಲಿಲಾಯದವರನ್ನು ಬಲಿ ಕೊಡುತ್ತಿದ್ದಾಗಲೇ ಕೊಲ್ಲಿಸಿದ್ದ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಒಂದು ಅಧಿಕಾರಸ್ಥರ ಕ್ರೌರ್ಯ, ಇನ್ನೊಂದು ಅವಘಡ. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳಾ ಅಂತ ಯೇಸುವೇ ಕೇಳಿ, ಅಲ್ಲ ಎಂದು ತಾವೇ ಉತ್ತರ ಕೊಟ್ಟರು. ಆಮೇಲೆ ಮಾತನ್ನು ಕೇಳುತ್ತಿದ್ದವರ ಕಡೆಗೇ ತಿರುಗಿಸಿದರು: ನೀವು ಮಾನಸಾಂತರ ಪಡಿ. ಯೋಹಾನನ 9ನೇ ಅಧ್ಯಾಯದಲ್ಲೂ ಹಾಗೇ. ಹುಟ್ಟುಕುರುಡನನ್ನು ನೋಡಿ ಶಿಷ್ಯರು "ಪಾಪ ಮಾಡಿದ್ದು ಇವನಾ, ಇವನ ಅಪ್ಪ ಅಮ್ಮನಾ?" ಎಂದರು. ಇಬ್ಬರೂ ಅಲ್ಲ, ದೇವರ ಕೆಲಸ ಇವನಲ್ಲಿ ಕಾಣಬೇಕು ಎಂದರು ಯೇಸು. ಈ ವಾಕ್ಯವನ್ನು ಹಿಡಿದು "ದೇವರೇ ಅವನನ್ನು ಕುರುಡನನ್ನಾಗಿ ಮಾಡಿದ್ದು" ಎನ್ನುವವರಿದ್ದಾರೆ. ನನಗೆ ಮುಂದಿನ ಸಾಲುಗಳು ಮುಖ್ಯ ಅನ್ನಿಸುತ್ತದೆ. ಯೇಸು ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿದರು, ಕೊಳಕ್ಕೆ ಹೋಗಿ ತೊಳೆದುಕೋ ಎಂದರು. ಶಿಷ್ಯರು ಮೊದಲನೇ ಪ್ರಶ್ನೆಯಲ್ಲಿ ನಿಂತಿದ್ದರು, ಯೇಸು ಮೂರನೆಯದಕ್ಕೆ ಕೈ ಹಾಕಿದರು.

ಎರಡನೇ ಪ್ರಶ್ನೆ, ಅಂದರೆ ದೇವರು ಯಾಕೆ ತಡೆಯಲಿಲ್ಲ ಅನ್ನುವುದಕ್ಕೆ ಕ್ರೈಸ್ತರಲ್ಲಿ ಒಂದೇ ಉತ್ತರ ಇಲ್ಲ. ದೇವರ ಅಪ್ಪಣೆಯಿಲ್ಲದೆ ಏನೂ ನಡೆಯದು ಎಂದು ಒತ್ತಿ ಹೇಳುವ ಸಭೆಗಳಿವೆ. ಮನುಷ್ಯನಿಗೆ ಕೊಟ್ಟ ಸ್ವಾತಂತ್ರ್ಯದ ಫಲ ಎನ್ನುವವರಿದ್ದಾರೆ. ಎರಡು ಸಾವಿರ ವರ್ಷದಿಂದ ಚರ್ಚೆ ನಡೆದೇ ಇದೆ, ಮುಗಿದಿಲ್ಲ. ಈ ಲೇಖನದಲ್ಲಿ ಮುಗಿಯುವುದೂ ಇಲ್ಲ.

ಯೋಬನ ಸ್ನೇಹಿತರು ಎಲ್ಲಿ ಕೆಟ್ಟರು

ಯೋಬನ ಕಥೆ ಎಲ್ಲರಿಗೂ ಗೊತ್ತು. ಏಳು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಹೋಯಿತು. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಸ್ನೇಹಿತರು ಬಂದರು. ಅವರನ್ನು ಬೈಯುವುದು ಸುಲಭ, ಆದರೆ ಅವರು ಶುರು ಮಾಡಿದ್ದು ಚೆನ್ನಾಗಿಯೇ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಒಂದು ಮಾತೂ ಆಡಲಿಲ್ಲ. ನಮ್ಮ ಊರುಗಳಲ್ಲಿ ಸಾವಿನ ಮನೆಯಲ್ಲಿ ಅಕ್ಕಪಕ್ಕದವರು ಸುಮ್ನೆ ಬಂದು ಕೂರುತ್ತಾರಲ್ಲ, ಯಾರೋ ನೀರು ತುಂಬಿಸುತ್ತಾರೆ, ಇನ್ಯಾರೋ ಅಡುಗೆ ಮಾಡಿ ತರುತ್ತಾರೆ. ಅದು ದೊಡ್ಡ ಕೆಲಸ. ಅಲ್ಲಿಗೇ ನಿಲ್ಲಿಸಿದ್ದರೆ ಆ ಮೂವರಿಗೆ ಒಳ್ಳೆಯ ಹೆಸರು ಉಳಿಯುತ್ತಿತ್ತು.

ಕೆಟ್ಟಿದ್ದು ಬಾಯಿ ಬಿಟ್ಟ ಮೇಲೆ. ದೇವರು ನ್ಯಾಯವಂತರು, ಹಾಗಾಗಿ ನೀನು ಏನೋ ಮಾಡಿರಲೇಬೇಕು ಅನ್ನುವುದೇ ಅವರ ವಾದ. ಅವರ ಒಂದೊಂದೇ ವಾಕ್ಯ ಎತ್ತಿ ಓದಿದರೆ ಒಳ್ಳೆಯ ಪ್ರಸಂಗದ ಹಾಗಿದೆ. ಇತ್ತ ಯೋಬ ಗಲಾಟೆ ಮಾಡುತ್ತಾನೆ, ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರನ್ನೇ ವಾದಕ್ಕೆ ಕರೆಯುತ್ತಾನೆ. ಕಡೆಯಲ್ಲಿ, 42ನೇ ಅಧ್ಯಾಯದಲ್ಲಿ, ದೇವರು ಎಲೀಫಜನಿಗೆ ಹೇಳುವುದೇನು? ನನ್ನ ವಿಷಯದಲ್ಲಿ ಯೋಬ ಮಾತಾಡಿದ ಹಾಗೆ ನೀವು ಸರಿಯಾಗಿ ಮಾತಾಡಲಿಲ್ಲ. ದೇವರ ಪರವಾಗಿ ವಾದಿಸಿದವರಿಗೆ ಬೈಗುಳ, ದೇವರ ಜೊತೆ ಜಗಳ ಆಡಿದವನಿಗೆ ಶಹಬ್ಬಾಸ್! ಯೋಬನಿಗೂ ದೇವರು ಪ್ರಶ್ನೆಗಳ ಸುರಿಮಳೆ ಸುರಿಸಿದ್ದರು ಅನ್ನಿ. ಆದರೆ ಅವನ ಅಳುವನ್ನು ಅವಿಶ್ವಾಸ ಎಂದು ಬರೆದುಕೊಳ್ಳಲಿಲ್ಲ.

ಇನ್ನೊಂದು ವಿಷಯ ಜನ ಗಮನಿಸುವುದು ಕಡಿಮೆ. ಆ ಸ್ನೇಹಿತರಿಗಾಗಿ ಯೋಬನೇ ಪ್ರಾರ್ಥನೆ ಮಾಡಬೇಕಾಯಿತು. ಅವನು ಅವರಿಗಾಗಿ ಬೇಡಿಕೊಂಡ ಮೇಲೆಯೇ ಅವನ ಸ್ಥಿತಿ ತಿರುಗಿತು ಎಂದು ಪುಸ್ತಕ ಹೇಳುತ್ತದೆ. ಕ್ಷಮೆ ಇಲ್ಲಿ ಉಪದೇಶವಾಗಿ ಬರಲಿಲ್ಲ. ಮೊದಲು ದೇವರು ಯೋಬನ ಪಕ್ಷದಲ್ಲಿ ನಿಂತು ತಪ್ಪು ಯಾರದು ಎಂದು ಬಾಯಿಬಿಟ್ಟು ಹೇಳಿದರು. ಆಮೇಲೆ ಕ್ಷಮೆಯ ಮಾತು ಬಂತು. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯೋಸೇಫನಿಗೆ ಹಿಡಿದ ವರ್ಷಗಳು

"ನೀವು ಕೇಡು ಮಾಡಬೇಕೆಂದಿರಿ, ದೇವರು ಅದರಿಂದ ಒಳ್ಳೆಯದನ್ನು ಮಾಡಿದರು" ಎಂಬ ಅರ್ಥದ ಮಾತು ಆದಿಕಾಂಡದ 50ನೇ ಅಧ್ಯಾಯದ 20ನೇ ವಚನದಲ್ಲಿದೆ. ಕಷ್ಟದ ವಿಷಯದಲ್ಲಿ ಇದಕ್ಕಿಂತ ಜಾಸ್ತಿ ಬಳಕೆಯಾಗುವ ವಚನ ಸಿಗುವುದು ಕಷ್ಟ. ಇದನ್ನು ಹೇಳಿದವನು ಯೋಸೇಫ, ಅಣ್ಣಂದಿರೇ ಗುಲಾಮನಾಗಿ ಮಾರಿದ ಹುಡುಗ. ಅಣ್ಣಂದಿರು ಹೇಳಲಿಲ್ಲ. ಅವರಿಗೆ ಅದನ್ನು ಹೇಳುವ ಮುಖವೇ ಇರಲಿಲ್ಲ. ಅವನನ್ನು ಕೊಂಡ ಪೋಟೀಫರ ಹೇಳಲಿಲ್ಲ, ಸೆರೆಮನೆಯ ಅಧಿಕಾರಿ ಹೇಳಲಿಲ್ಲ. ಗುಂಡಿಯಲ್ಲಿ ಬಿದ್ದು ಕೂಗಿದವನೇ ಹೇಳಿದ.

ಯಾವಾಗ ಹೇಳಿದ? ಲೆಕ್ಕ ಹಾಕೋಣ. ಅಣ್ಣಂದಿರು ಅವನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದಾಗ ಅವನಿಗೆ 17 ವರ್ಷ. ಐಗುಪ್ತದ ರಾಜ ಫರೋಹನ ಮುಂದೆ ನಿಂತಾಗ 30. ಅಂದರೆ 13 ವರ್ಷ ಗುಲಾಮಗಿರಿ, ಸೆರೆಮನೆ. ಅದರಲ್ಲಿ ಎರಡು ವರ್ಷವಂತೂ, ಜೊತೆಗೆ ಸೆರೆಯಲ್ಲಿದ್ದ ಫರೋಹನ ಪಾನದಾಯಕನು ಬಿಡುಗಡೆಯಾದ ಮೇಲೆ ಅವನನ್ನು ಮರೆತ ವರ್ಷಗಳು. ಆಮೇಲೆ ಏಳು ವರ್ಷ ಸುಭಿಕ್ಷ, ಎರಡು ವರ್ಷ ಬರ. ಅಣ್ಣಂದಿರಿಗೆ ತಾನು ಯಾರೆಂದು ಹೇಳಿ, ದೇವರೇ ನನ್ನನ್ನು ಮುಂದಾಗಿ ಕಳಿಸಿದರು ಎಂದು ಬಾಯಿಬಿಡುವ ಹೊತ್ತಿಗೆ ಸುಮಾರು 22 ವರ್ಷ ಕಳೆದಿತ್ತು. 50:20ರ ಮಾತು ಬಂದದ್ದು ಅದಕ್ಕೂ ಎಷ್ಟೋ ವರ್ಷ ಆದ ಮೇಲೆ. ಸೆರೆಮನೆಯಲ್ಲಿದ್ದಾಗ ಅವನ ಬಾಯಲ್ಲಿ ಬಂದ ಮಾತೇ ಬೇರೆ: ನನ್ನನ್ನು ಕದ್ದು ತಂದರು, ಇಲ್ಲಿ ಹಾಕುವಂಥ ತಪ್ಪು ನಾನೇನೂ ಮಾಡಿಲ್ಲ, ನನ್ನನ್ನು ಬಿಡಿಸಿ. ಉದ್ದೇಶದ ಮಾತೇ ಇಲ್ಲ. ಆ ಹೊತ್ತಿಗೆ ಅದು ಸರಿಯಾದ ಮಾತೇ.

ಇಲ್ಲೇ ನನ್ನ ಮುಖ್ಯ ಮಾತು ಇರುವುದು. ಕಷ್ಟದಲ್ಲಿ ದೇವರ ಉದ್ದೇಶ ಇತ್ತು ಎನ್ನುವುದು ಕಷ್ಟಪಟ್ಟವರು ಹಿಂದಕ್ಕೆ ತಿರುಗಿ ನೋಡಿ ಕೊಡುವ ಸಾಕ್ಷಿ. ಪಕ್ಕದಲ್ಲಿ ನಿಂತವರು ಮುಂಚೆಯೇ ಕೊಡುವ ವಿವರಣೆ ಅಲ್ಲ. ನೊಂದವರ ಬಾಯಲ್ಲಿ ಬಂದಾಗ ಅದು ವಿಶ್ವಾಸ. ನೋಯದವರ ಬಾಯಲ್ಲಿ, ಅದರಲ್ಲೂ ನೋಯಿಸಿದವರ ಬಾಯಲ್ಲಿ ಬಂದರೆ ಅದು ಜಾರಿಕೊಳ್ಳುವ ಮಾತು.

ನಮ್ಮದೇ ಚರಿತ್ರೆಯಲ್ಲಿ ಇದಕ್ಕೊಂದು ಉದಾಹರಣೆ ಇದೆ. 1876ರಿಂದ 1878ರವರೆಗೆ ಬಂದ ಮಹಾಬರದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ಸತ್ತುಹೋಯಿತು. ಆ ಬರದಲ್ಲಿ ದಿಕ್ಕಿಲ್ಲದಾದ ಮಕ್ಕಳಿಗಾಗಿ ಕೋಲಾರದಲ್ಲಿ ಮಿಷನ್ ಅನಾಥಾಲಯ ಶುರುವಾಯಿತು. ಮುಂದೆ ಮೆಥೊಡಿಸ್ಟರು ಆ ಕೆಲಸ ವಹಿಸಿಕೊಂಡರು. ಇಲ್ಲಿನ ಎಷ್ಟೋ ಕ್ರೈಸ್ತ ಕುಟುಂಬಗಳ ಕಥೆ ಮಿಷನ್ ಕಾಂಪೌಂಡಿನಿಂದಲೇ ಶುರುವಾಗುತ್ತದೆ. ಅನಾಥಾಲಯದಲ್ಲಿ ಬೆಳೆದ ಒಬ್ಬಳು ಅಜ್ಜಿ "ದೇವರು ನನ್ನನ್ನು ಉಳಿಸಿಕೊಂಡರು" ಎಂದರೆ ತಲೆಬಾಗಿ ಕೇಳಬೇಕು. ಅದನ್ನೇ ತಿರುಗಿಸಿ "ಈ ಅನಾಥಾಲಯ ಆಗಲಿ ಅಂತಲೇ ದೇವರು ಬರ ಕಳಿಸಿದರು" ಎಂದರೆ? ಲಕ್ಷಾಂತರ ಹೆಣಗಳನ್ನು ಮೆಟ್ಟಿಲು ಮಾಡಿಕೊಂಡ ದೇವರು ಯೇಸುವಿನ ತಂದೆ ಹೇಗಾಗುತ್ತಾರೆ? ಎರಡು ಮಾತೂ ಕೇಳುವುದಕ್ಕೆ ಹತ್ತಿರ ಹತ್ತಿರ ಇವೆ. ಅರ್ಥ ಮಾತ್ರ ಅಜಗಜಾಂತರ.

ಆಟೋ ಹಿಂದಿನ ವಚನ

ಯೆರೆಮೀಯ 29:11. ಕ್ಯಾಲೆಂಡರಿನಲ್ಲಿ, ಆಟೋ ಹಿಂದೆ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಎಲ್ಲ ಕಡೆ ಸಿಗುತ್ತದೆ. ನಿಮ್ಮ ಬಗ್ಗೆ ನನಗಿರುವ ಆಲೋಚನೆಗಳು ಹಿತಕ್ಕಾಗಿ, ಕೇಡಿಗಾಗಿ ಅಲ್ಲ ಎಂಬ ಮಾತು. ಇದು ಪ್ರವಾದಿ ಯೆರೆಮೀಯನು ಬಾಬಿಲೋನಿಗೆ ಸೆರೆಹೋದ ತನ್ನ ಜನರಿಗೆ ಬರೆದ ಕಾಗದದ ಒಂದು ಸಾಲು. ಅದರ ಹಿಂದಿನ ವಚನದಲ್ಲೇ 70 ವರ್ಷ ಎಂದಿದೆ. ಕಾಗದ ಓದಿದ ದೊಡ್ಡವರಲ್ಲಿ ಬಹುಪಾಲು ಜನ ವಾಪಸ್ ಊರು ನೋಡುವಂತಿರಲಿಲ್ಲ. ಅಲ್ಲಿಯವರೆಗೆ ಏನು ಮಾಡಬೇಕು? ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಪಟ್ಟಣದ ಒಳ್ಳೆಯದಕ್ಕೇ ಪ್ರಾರ್ಥಿಸಿ ಎಂದಿದೆ ಕಾಗದದಲ್ಲಿ.

ಅದೇ ಸಮಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಆಲಯದಲ್ಲಿ ಸಾರಿದ್ದ. ಜನರಿಗೆ ಯಾವುದು ಇಷ್ಟವಾಗಿರಬೇಕು, ನೀವೇ ಹೇಳಿ. ಅವನ ಮಾತು ಸುಳ್ಳು ಎಂದು ಯೆರೆಮೀಯ ಅವನ ಮುಖಕ್ಕೇ ಹೇಳಿದ. ಇವತ್ತು "ಈ ತಿಂಗಳೊಳಗೆ ನಿಮ್ಮ ಸಾಲ ತೀರುತ್ತದೆ, ಸ್ವೀಕರಿಸಿ" ಎಂದು ಮೈಕಿನಲ್ಲಿ ಕೂಗುವವರು ಯೆರೆಮೀಯನ ವಚನವನ್ನು ಹನನ್ಯನ ದನಿಯಲ್ಲಿ ಓದುತ್ತಿದ್ದಾರೆ, ಅಷ್ಟೇ.

ಯೆರೆಮೀಯನ ಕಾಗದ ನಮ್ಮ ಕೆಜಿಎಫ್‌ನವರಿಗೆ ಬೇಗ ಅರ್ಥವಾಗುತ್ತದೆ ಅನ್ನಿಸುತ್ತದೆ. ನೂರಕ್ಕೂ ಹೆಚ್ಚು ವರ್ಷ ನಡೆದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಮೂರು ಕಿಲೋಮೀಟರ್ ಆಳಕ್ಕೆ ಇಳಿದು ದುಡಿದವರು, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡವರು ಅಲ್ಲಿದ್ದಾರೆ. ಗಣಿ ಮತ್ತೆ ತೆರೆಯುತ್ತದೆ ಅನ್ನುವ ಸುದ್ದಿ ಆಗಾಗ ಬರುತ್ತಲೇ ಇತ್ತು. ಜನ ಆ ಸುದ್ದಿಯನ್ನೇ ನಂಬಿ ಕೂರಲಿಲ್ಲ. ಬೆಳಗಿನ ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋದರು, ಮಕ್ಕಳನ್ನು ಓದಿಸಿದರು, ಭಾನುವಾರ ಚರ್ಚ್ ತುಂಬಿಸಿದರು. ಕಾಗದ ಹೇಳಿದ್ದೂ ಇಂಥ ಬದುಕನ್ನೇ.

ಹಾಗಾದರೆ ಉದ್ದೇಶ ಅಂದರೆ ಏನು? ರೋಮಾಪುರದವರಿಗೆ ಬರೆದ ಪತ್ರದ 8:28ರಲ್ಲಿ ಪೌಲನು, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೆ ಕೂಡಿಬರುತ್ತದೆ ಎಂದಾಗ "ಒಳ್ಳೆಯದು" ಯಾವುದು ಎಂದು ನಾವು ಊಹಿಸಬೇಕಾಗಿಲ್ಲ. 29ನೇ ವಚನದಲ್ಲೇ ಇದೆ: ಅವರು ತನ್ನ ಮಗನ ಹೋಲಿಕೆಗೆ ಬರಬೇಕು. ಹೋದ ಕೆಲಸಕ್ಕಿಂತ ದೊಡ್ಡ ಕೆಲಸ ಸಿಗುತ್ತದೆ, ಮುರಿದ ಸಂಬಂಧಕ್ಕಿಂತ ಒಳ್ಳೆಯ ಸಂಬಂಧ ಬರುತ್ತದೆ ಅಂತ ಅಲ್ಲಿ ಬರೆದಿಲ್ಲ. ಸಿಗಲೂಬಹುದು, ಸಿಗದೆಯೂ ಇರಬಹುದು. ಪೌಲನ ಶರೀರದಲ್ಲಿದ್ದ ಮುಳ್ಳು ಮೂರು ಸಲ ಬೇಡಿಕೊಂಡರೂ ಹೋಗಲಿಲ್ಲ. ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ಅವನೇ ಇನ್ನೊಂದು ಕಡೆ, 2 ಕೊರಿಂಥದ ಮೊದಲ ಅಧ್ಯಾಯದಲ್ಲಿ, ನಾವು ಕಷ್ಟದಲ್ಲಿ ಪಡೆದ ಸಮಾಧಾನವನ್ನು ಬೇರೆ ಕಷ್ಟದವರಿಗೆ ಕೊಡುವಂತಾಗುತ್ತದೆ ಎನ್ನುತ್ತಾನೆ. ಡಯಾಲಿಸಿಸ್‌ಗೆ ಹೋಗಿಬರುವವರ ಮನೆಗೆ ಇನ್ನೊಬ್ಬ ಡಯಾಲಿಸಿಸ್ ಪೇಷೆಂಟ್ ಬಂದು ಕೂತಾಗ ಏನಾಗುತ್ತದೆ ಎಂದು ನೋಡಿದವರಿಗೆ ಇದಕ್ಕೆ ವ್ಯಾಖ್ಯಾನ ಬೇಡ.

ಅಲ್ಲಿಯವರೆಗೆ ಅಳುವುದಕ್ಕೂ ಸತ್ಯವೇದದಲ್ಲಿ ಜಾಗ ಇದೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸ್ತೋತ್ರವೂ ಇಲ್ಲ. ಶುಭ ಶುಕ್ರವಾರದ ಆರಾಧನೆಯಲ್ಲಿ ಧ್ಯಾನಿಸುವ ಏಳು ಮಾತುಗಳಲ್ಲಿ "ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟಿದ್ದೀ?" ಎಂಬುದೂ ಒಂದು. "ಯಾಕೆ" ಎಂದು ಕೇಳುವುದೇ ಪಾಪ ಎನ್ನುವವರು ಆ ಮಾತನ್ನು ಏನು ಮಾಡುತ್ತಾರೋ ಗೊತ್ತಿಲ್ಲ.

ಕ್ಷಮೆ: ಸಾಲದ ಲೆಕ್ಕ

ಇನ್ನು ಕ್ಷಮೆಗೆ ಬರೋಣ. ನಮ್ಮ ಕಡೆ ನಡೆಯುವಂಥದ್ದೇ ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಸಭೆಯವನೇ ಒಬ್ಬ ಚೀಟಿ ನಡೆಸುತ್ತಾನೆ. 20 ಜನ, ತಿಂಗಳಿಗೆ ₹5,000, ಒಂದು ಲಕ್ಷದ ಚೀಟಿ. ಒಬ್ಬ ವಿಧವೆ ಮಗಳ ಮದುವೆಗೆಂದು ಚೀಟಿ ಎತ್ತದೆ ಕಟ್ಟಿಕೊಂಡು ಬಂದಿದ್ದಾಳೆ. 14ನೇ ತಿಂಗಳಲ್ಲಿ ಅವನು ಪರಾರಿ. ಅವಳ ₹70,000 ಹತ್ತಿರ ಹೋಯಿತು. ಹಣಕ್ಕಿಂತ ಜಾಸ್ತಿ ಸುಡುವುದು, ಅವನು ಅವಳ ಮನೆಗೇ ಬಂದು ಪ್ರಾರ್ಥನೆ ಮಾಡಿ ಕಾಫಿ ಕುಡಿದು ಹೋದವನು ಅನ್ನುವುದು. ಈಗ ಸಭೆಯಲ್ಲಿ ಅವಳಿಗೆ ಹೇಳುತ್ತಾರೆ: ಏಳೆಪ್ಪತ್ತು ಸಾರಿ ಕ್ಷಮಿಸಬೇಕು ಅಕ್ಕಾ.

ಆ ಮಾತು ಮತ್ತಾಯನ 18ನೇ ಅಧ್ಯಾಯದಲ್ಲಿದೆ. ಅದರ ಹಿಂದೆಯೇ ಯೇಸು ಹೇಳಿದ್ದು ಸಾಲದ ಕಥೆ. ಒಬ್ಬ ಆಳು ರಾಜನಿಗೆ ಹತ್ತು ಸಾವಿರ ತಲಾಂತು ಸಾಲಗಾರ. ರಾಜ ಮನ್ನಾ ಮಾಡುತ್ತಾನೆ. ಹೊರಗೆ ಬಂದ ಆಳು ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಕೂಲಿ ₹500 ಎಂದು ಹಿಡಿದರೆ ನೂರು ದಿನಾರಿ ₹50,000. ಹತ್ತು ಸಾವಿರ ತಲಾಂತು ₹3,000 ಕೋಟಿ. ಒಬ್ಬ ಕೂಲಿಯವನು ಒಂದು ದಿನವೂ ರಜೆ ಹಾಕದೆ, ಒಂದು ರೂಪಾಯಿ ಖರ್ಚು ಮಾಡದೆ ದುಡಿದರೂ ಸುಮಾರು 1,64,000 ವರ್ಷ ಬೇಕು.

ಪ್ರಸಂಗದಲ್ಲಿ ಸಾಮಾನ್ಯವಾಗಿ ಆ ದೊಡ್ಡ ಮೊತ್ತದ ಮೇಲೇ ಒತ್ತು ಕೊಡುತ್ತಾರೆ. ಸರಿಯೇ, ಕ್ರೈಸ್ತ ಕ್ಷಮೆಯ ಬೇರು ಅಲ್ಲಿದೆ. ದೇವರು ನನಗೆ ತೀರಿಸಲಾಗದ್ದನ್ನು ಬಿಟ್ಟಿದ್ದಾರೆ, ಹಾಗಾಗಿ ನಾನು ಬಿಡುತ್ತೇನೆ. ಕರ್ತನ ಪ್ರಾರ್ಥನೆಯಲ್ಲಿ ದಿನಾ ಹೇಳುವುದೂ ಇದನ್ನೇ. ಆದರೆ ಚಿಕ್ಕ ಮೊತ್ತವನ್ನೂ ನೋಡಿ. ಐವತ್ತು ಸಾವಿರ ಕೂಲಿಯವರ ಮನೆಯಲ್ಲಿ ಚಿಕ್ಕದಾ? ಮೂರು ತಿಂಗಳಿಗಿಂತ ಜಾಸ್ತಿ ದುಡಿಮೆ. ಬೇಕೆಂದರೆ ಯೇಸು ಒಂದು ದಿನಾರಿ ಎನ್ನಬಹುದಿತ್ತು. ಎನ್ನಲಿಲ್ಲ. ನಮಗಾದ ಅನ್ಯಾಯ ನಿಜವಾದದ್ದು, ಲೆಕ್ಕಕ್ಕೆ ಸಿಗುವಂಥದ್ದು ಎಂದು ಒಪ್ಪಿಕೊಂಡೇ ಆ ಕಥೆ ಮುಂದೆ ಹೋಗುತ್ತದೆ. "ಹೋಗಲಿ ಬಿಡಿ, ಏನೂ ಆಗಿಲ್ಲ" ಅನ್ನುವುದು ಕ್ಷಮೆ ಅಲ್ಲ. ಏನೂ ಆಗದಿದ್ದರೆ ಕ್ಷಮಿಸುವುದಾದರೂ ಏನನ್ನು? ಇಷ್ಟು ಬರಬೇಕಿತ್ತು ಎಂದು ಬರೆದು, ಆಮೇಲೆ ಅದನ್ನು ಸೇಡಿನಿಂದ ವಸೂಲಿ ಮಾಡುವುದನ್ನು ಬಿಡುವುದು ಕ್ಷಮೆ.

ಸೇಡು ಬಿಟ್ಟರೆ ನ್ಯಾಯವನ್ನೂ ಬಿಡಬೇಕಾ? ಇಲ್ಲಿ ತುಂಬಾ ಗೊಂದಲ ಇದೆ. ರೋಮಾಪುರದವರಿಗೆ 12ರಲ್ಲಿ ಪೌಲ ಸೇಡು ತೀರಿಸಬೇಡಿ ಎನ್ನುತ್ತಾನೆ. ಮುಂದಿನ ಅಧ್ಯಾಯದಲ್ಲೇ ಕೇಡು ಮಾಡಿದವನನ್ನು ದಂಡಿಸಲು ದೇವರು ಅಧಿಕಾರಿಗಳನ್ನು ಇಟ್ಟಿದ್ದಾರೆ ಎನ್ನುತ್ತಾನೆ. ಫಿಲಿಪ್ಪಿಯಲ್ಲಿ ವಿಚಾರಣೆ ಇಲ್ಲದೆ ಹೊಡೆದು ಸೆರೆಗೆ ಹಾಕಿ, ಮಾರನೇ ದಿನ ಗುಟ್ಟಾಗಿ ಹೋಗಿ ಎಂದಾಗ ಪೌಲ ಒಪ್ಪಲಿಲ್ಲ. ನಾವು ರೋಮನ್ ಹಕ್ಕುಳ್ಳವರು, ಅಧಿಕಾರಿಗಳೇ ಬಂದು ಕರೆದುಕೊಂಡು ಹೋಗಲಿ ಎಂದ. ಅದರ ಹಿಂದಿನ ರಾತ್ರಿ ಸೆರೆಯ ಕಾವಲುಗಾರನ ಪ್ರಾಣ ಉಳಿಸಿದವನೂ ಅವನೇ. ಎರಡಕ್ಕೂ ಅವನಲ್ಲಿ ಜಾಗ ಇತ್ತು.

1 ಕೊರಿಂಥದ 6ನೇ ಅಧ್ಯಾಯವನ್ನು ತೋರಿಸಿ "ವಿಶ್ವಾಸಿ ವಿಶ್ವಾಸಿಯ ಮೇಲೆ ಕೇಸ್ ಹಾಕಬಾರದು" ಎನ್ನುವವರಿದ್ದಾರೆ. ಆ ಮಾತು ಅಲ್ಲಿದೆ, ನಿಜ. ಅನ್ಯಾಯವನ್ನಾದರೂ ಯಾಕೆ ಸಹಿಸಬಾರದು ಎಂಬ ಮಾತೂ ಇದೆ. ಆದರೆ ಪೌಲ ಅದರ ಜೊತೆಗೇ ಕೇಳುವ ಪ್ರಶ್ನೆ ಏನು? ನಿಮ್ಮಲ್ಲಿ ಸಹೋದರರ ವ್ಯಾಜ್ಯ ತೀರಿಸುವಷ್ಟು ಬುದ್ಧಿವಂತ ಒಬ್ಬನೂ ಇಲ್ಲವಾ? ಅಂದರೆ ಮೊದಲು ಸಭೆಯ ಹಿರಿಯರು ಕೂತು ನ್ಯಾಯ ಮಾಡಿಕೊಡಬೇಕು. ಅದನ್ನು ಮಾಡದೆ ವಿಧವೆಯನ್ನು ಮಾತ್ರ ಸಹಿಸಿಕೋ ಎಂದರೆ ಅಧ್ಯಾಯದ ಅರ್ಧ ಓದಿದ ಹಾಗೆ. ಇನ್ನು ಹೆಂಡತಿಯನ್ನು ಹೊಡೆಯುವುದು, ಮಕ್ಕಳ ಮೇಲೆ ದೌರ್ಜನ್ಯ, ಇಂಥವು ಅಪರಾಧಗಳು. ಅಲ್ಲಿ ಪೊಲೀಸರ ಹತ್ತಿರ ಹೋಗುವುದನ್ನು ತಡೆಯುವವರು ಕ್ಷಮೆಯನ್ನು ಕಲಿಸುತ್ತಿಲ್ಲ, ತಪ್ಪನ್ನು ಮುಚ್ಚುತ್ತಿದ್ದಾರೆ. ಹೊಡೆಯುವ ಗಂಡನನ್ನು ಕ್ಷಮಿಸಿದ ಹೆಂಗಸು ಅವನ ಮನೆಗೆ ವಾಪಸ್ ಹೋಗಲೇಬೇಕೆಂದು ಎಲ್ಲೂ ಬರೆದಿಲ್ಲ.

ಇದನ್ನು ಬದುಕಿ ತೋರಿಸಿದವರಲ್ಲಿ ಗ್ಲಾಡಿಸ್ ಸ್ಟೇನ್ಸ್ ಒಬ್ಬರು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಗಂಡುಮಕ್ಕಳು ಜೀಪಿನಲ್ಲಿ ಮಲಗಿದ್ದಾಗ ಬೆಂಕಿ ಹಚ್ಚಿ ಕೊಂದರು. ದೊಡ್ಡವನಿಗೆ 10 ವರ್ಷ, ಚಿಕ್ಕವನಿಗೆ 6. ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಆಕೆ ಹೇಳಿದರು. ಆದರೆ ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಫಲ ಬೇರೆ ಎಂಬುದೇ ಅವರ ನಿಲುವು. ಕೋರ್ಟು ತನ್ನ ಕೆಲಸ ಮಾಡಿತು. ಅವರು ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆಯನ್ನು ವರ್ಷಗಟ್ಟಲೆ ಮುಂದುವರಿಸಿದರು. 2005ರಲ್ಲಿ ಸರ್ಕಾರ ಪದ್ಮಶ್ರೀ ಕೊಟ್ಟಿತು. ಗಮನಿಸಿ, ಕ್ಷಮಿಸಿದ್ದೇನೆ ಎಂದದ್ದು ಆಕೆ. ಅವರ ಪರವಾಗಿ ಬೇರೆ ಯಾರೂ ಆ ಮಾತು ಹೇಳುವಂತಿರಲಿಲ್ಲ.

ಕ್ಷಮೆ ಒಬ್ಬರಿಂದ ಆಗುತ್ತದೆ, ರಾಜಿಗೆ ಇಬ್ಬರು ಬೇಕು. ಇದಕ್ಕೂ ಯೋಸೇಫನೇ ಸಾಕ್ಷಿ. ಅಣ್ಣಂದಿರು ಧಾನ್ಯಕ್ಕೆ ಬಂದ ದಿನವೇ ಅವನು ಅವರ ಕೊರಳಿಗೆ ಬೀಳಲಿಲ್ಲ. ಪರೀಕ್ಷೆ ಮಾಡಿದ. ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಬಟ್ಟಲು ಇಡಿಸಿದ. ತಮ್ಮನನ್ನು ಮಾರಲು ಹೇಳಿದ್ದ ಯೆಹೂದನೇ ಈಗ ಇನ್ನೊಬ್ಬ ತಮ್ಮನ ಬದಲಿಗೆ ನಾನು ಗುಲಾಮನಾಗಿ ಉಳಿಯುತ್ತೇನೆ ಎಂದ ಮೇಲೆಯೇ ಯೋಸೇಫ ಅತ್ತು ತನ್ನ ಗುರುತು ಹೇಳಿದ. ನಂಬಿಕೆ ಮತ್ತೆ ಕಟ್ಟುವುದಕ್ಕೆ ಪುರಾವೆ ಬೇಕು, ಕಾಲ ಬೇಕು.

ಕ್ಷಮೆ ಸಿಕ್ಕವರಿಗೂ ಅದನ್ನು ನಂಬಲು ಕಾಲ ಬೇಕು. ಅವರ ಅಪ್ಪ ಯಾಕೋಬ ಐಗುಪ್ತದಲ್ಲಿ 17 ವರ್ಷ ಬದುಕಿದ. ಅವನು ಸತ್ತ ಕೂಡಲೇ ಅಣ್ಣಂದಿರು "ಯೋಸೇಫ ಈಗ ಸೇಡು ತೀರಿಸಿಕೊಂಡರೆ?" ಎಂದು ಹೆದರಿ ಹೇಳಿ ಕಳಿಸಿದರು. ಅಷ್ಟು ವರ್ಷ ತಮ್ಮನ ಅನ್ನ ಉಂಡೂ ಆ ಭಯ ಹೋಗಿರಲಿಲ್ಲ. ಅದನ್ನು ಕೇಳಿ ಯೋಸೇಫ ಮತ್ತೆ ಅತ್ತ. 20ನೇ ವಚನದ ಆ ಪ್ರಸಿದ್ಧ ಮಾತು ಬಂದದ್ದು ಆಗ. ನಾನೇನು ದೇವರ ಸ್ಥಾನದಲ್ಲಿದ್ದೇನಾ ಎಂದು ಮೊದಲು ಕೇಳಿ, ಆಮೇಲೆ ಆ ಮಾತು ಹೇಳಿ, ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಸಾಕುತ್ತೇನೆ ಎಂದ.

ಇನ್ನು, ಕಷ್ಟವನ್ನು ತಾವೇ ತಂದುಕೊಂಡವರು. ಕುಡಿತ, ಜೂಜು, ಸುಳ್ಳು, ಪಕ್ಕದವರ ದುಡ್ಡು. ಪೇತ್ರ ಮೂರು ಸಲ ಗುರುವನ್ನೇ ಗೊತ್ತಿಲ್ಲ ಎಂದ. ಪುನರುತ್ಥಾನದ ಮೇಲೆ ಕೆರೆದಂಡೆಯಲ್ಲಿ ಯೇಸು ಅವನನ್ನು ಬೈಯಲಿಲ್ಲ, ಹಾಗಂತ ವಿಷಯವನ್ನು ಎತ್ತದೆಯೂ ಬಿಡಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದರು. ಮೂರನೇ ಸಲಕ್ಕೆ ಪೇತ್ರನಿಗೆ ನೋವಾಯಿತು. ನೋವಾದ ಮೇಲೂ ಅವನಿಗೆ ಕುರಿಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ತೆರಿಗೆ ವಸೂಲಿಯ ಜಕ್ಕಾಯನ ದಾರಿ ಇನ್ನೂ ನೇರ: ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದು ಎಲ್ಲರ ಮುಂದೆ ಎದ್ದು ನಿಂತು ಹೇಳಿದ.

ನಮ್ಮ ಉದಾಹರಣೆಯ ಚೀಟಿಯವನು ಒಂದು ದಿನ ವಾಪಸ್ ಬಂದ ಅನ್ನಿ. ಹಿರಿಯರ ಮುಂದೆ ಕೂತು, ಯಾರಿಗೆ ಎಷ್ಟು ಎಂದು ಲೆಕ್ಕ ಬರೆದು, ತಿಂಗಳಿಗೆ ಇಷ್ಟು ಎಂದು ಸಹಿ ಹಾಕುವುದು ಅವನು ಮಾಡಬೇಕಾದ ಮೊದಲ ಕೆಲಸ. ಕಣ್ಣೀರಿನ ಸಾಕ್ಷಿ ಆಮೇಲೆ ಆಗಲಿ. ಅವಳು ಅದಕ್ಕಿಂತ ಮುಂಚೆಯೇ ಅವನನ್ನು ಕ್ಷಮಿಸಿರಬಹುದು, ಇನ್ನೂ ಆ ಪ್ರಾರ್ಥನೆ ಬಾಯಿಗೆ ಬರದೇ ಇರಬಹುದು. ಅದು ಅವಳ ಮತ್ತು ದೇವರ ನಡುವಿನ ಮಾತು. ಅವನು ಮುಂದೆ ಇನ್ನೊಂದು ಚೀಟಿ ಶುರು ಮಾಡಿ "ಸೇರಿಕೊಳ್ಳಿ ಅಕ್ಕಾ" ಎಂದರೆ, ಬೇಡ ಎನ್ನುವುದಕ್ಕೆ ಅವಳಿಗೆ ಪೂರ್ತಿ ಹಕ್ಕಿದೆ.